ಅಪ್ಪ-ಅಮ್ಮ, ಮಕ್ಕಳ ಜೊತೆ ಕಾಶಿ: ಗಂಗೆಯ ದಡದಲ್ಲಿ ನಾಲ್ಕು ದಿನ ನಡೆಯಲು ಹೊರಟವರಿಗೆ



ಮಂಡಿ ನೋವಿನ ಬಗ್ಗೆ ಬರೆದ ಲೇಖನಕ್ಕೆ ಪುಣೆ, ದೆಹಲಿ, ದುಬೈ ಎಲ್ಲ ಕಡೆಯಿಂದಲೂ ಒಂದೇ ಥರದ ಪ್ರಶ್ನೆ ಬಂತು. "ಊರಿನಿಂದ ಅಪ್ಪ-ಅಮ್ಮ ಬರ್ತಾರೆ, ರಜೆಯಲ್ಲಿ ಮಕ್ಕಳನ್ನೂ ಸೇರಿಸಿಕೊಂಡು ಕಾಶಿಗೆ ಹೋಗೋಣ ಅಂತಿದ್ದೀವಿ. ಅಮ್ಮನಿಗೆ ಮಂಡಿ, ಅಪ್ಪನಿಗೆ ಶುಗರ್. ಆಗುತ್ತಾ?"

ಆಗುತ್ತದೆ. ಆದರೆ ಎಲ್ಲರೂ ಮಾಡುವ ಹಾಗೆ ಎರಡು ದಿನದಲ್ಲಿ ಹದಿನೈದು ದೇವಸ್ಥಾನ, ಸಾರನಾಥ, ಪ್ರಯಾಗ, ಗಯಾ ಎಲ್ಲ ಮುಗಿಸಿಬಿಡೋಣ ಅಂತ ಹೊರಟರೆ ಆಗುವುದಿಲ್ಲ. ಹಾಗೆ ಹೋದವರು ದೇವರನ್ನು ಅರ್ಧ ನಿಮಿಷ ನೋಡಿ, ಕ್ಯೂನಲ್ಲಿ ನಾಲ್ಕು ಗಂಟೆ ನಿಂತು, ವಾಪಸ್ ಬಂದು ಒಂದು ವಾರ ಮಲಗುತ್ತಾರೆ. ಮಕ್ಕಳಿಗಂತೂ ಕಾಶಿ ಅಂದರೆ ನೂಕುನುಗ್ಗಲು ಅಂತಲೇ ನೆನಪು ಉಳಿಯುತ್ತದೆ. ನಾನು ಹೇಳುವುದು ಇಷ್ಟು. ಅಲ್ಲಿ ನಾಲ್ಕು ದಿನ ಉಳಿಯಿರಿ. ದರ್ಶನಕ್ಕೆ ಒಂದು ದಿನ ಇಡಿ. ಉಳಿದ ದಿನ ನದಿಯ ದಡದಲ್ಲಿ ನಡೆಯಿರಿ, ದೋಣಿಯಲ್ಲಿ ಕೂರಿ, ಹಕ್ಕಿ ನೋಡಿ, ಡಾಲ್ಫಿನ್ ನೋಡಿ. ಮನೆಯಲ್ಲಿ ಅತಿ ನಿಧಾನವಾಗಿ ನಡೆಯುವವರು ಯಾರೋ ಅವರ ಹೆಜ್ಜೆಗೆ ಇಡೀ ಪ್ರವಾಸವನ್ನು ಹೊಂದಿಸಿ.

ನಮ್ಮ ಮದುವೆಗಳಲ್ಲಿ ವರ ಕಾಶಿಯಾತ್ರೆಗೆ ಹೊರಡುವಾಗ ಕೈಗೆ ಏನು ಕೊಡುತ್ತಾರೆ? ಕೊಡೆ, ಕೋಲು, ಕಾಲಿಗೆ ಚಪ್ಪಲಿ. ಬಿಸಿಲಿಗೊಂದು, ಮೆಟ್ಟಿಲಿಗೊಂದು, ಪಾದಕ್ಕೊಂದು. ತಮಾಷೆಯ ಶಾಸ್ತ್ರ ಅಂದುಕೊಂಡಿರುತ್ತೇವೆ, ಆದರೆ ಅಲ್ಲಿಗೆ ಹೋಗುವ ಹಿರಿಯರಿಗೆ ಇವತ್ತಿಗೂ ಬೇಕಾದದ್ದು ಅವೇ ಮೂರು.

ಯಾವಾಗ ಹೋಗಬೇಕು ಅನ್ನುವುದು ಮೊದಲ ಪ್ರಶ್ನೆ. ಮಳೆಗಾಲದಲ್ಲಿ ಬೇಡ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಗಂಗೆ ಏರಿ ಘಾಟುಗಳೆಲ್ಲ ಮುಳುಗುತ್ತವೆ, ದೋಣಿ ನಿಲ್ಲಿಸುತ್ತಾರೆ. ಅಲ್ಲಿ ಅಪಾಯದ ಮಟ್ಟ 71.262 ಮೀಟರ್. 1978ರಲ್ಲಿ ನೀರು 73.901 ಮೀಟರ್‌ವರೆಗೆ ಬಂದಿತ್ತು. ನೀರು ಇಳಿದ ಮೇಲೂ ಕೆಲವು ವಾರ ಮೆಟ್ಟಿಲ ಮೇಲೆ ಕೆಸರು ಇರುತ್ತದೆ, ಜಾರುತ್ತದೆ. ಮೇ, ಜೂನ್‌ನಲ್ಲಿ ಬಿಸಿಲು 45 ಡಿಗ್ರಿ ತಲುಪುತ್ತದೆ, ಹಿರಿಯರಿಗೂ ಚಿಕ್ಕ ಮಕ್ಕಳಿಗೂ ಖಂಡಿತ ಬೇಡ. ಶಾಲೆಗೆ ಕ್ರಿಸ್‌ಮಸ್ ರಜೆ ಅಂತ ಡಿಸೆಂಬರ್ ಕೊನೆಯಲ್ಲಿ ಹೋಗುವವರೇ ಹೆಚ್ಚು. ಆಗ ಮಂಜು ದಟ್ಟವಾಗಿರುತ್ತದೆ, ರೈಲು, ವಿಮಾನ ತಡವಾಗುತ್ತವೆ, ಹೊಗೆ ಮಂಜಿನ ಜೊತೆ ನೆಲದ ಹತ್ತಿರವೇ ನಿಂತಿರುತ್ತದೆ. ದಮ್ಮು, ಅಸ್ತಮಾ ಇರುವವರು ಆ ಸಮಯದಲ್ಲಿ ನಸುಕಿನ ನಡಿಗೆಗೆ ಹೋಗಬಾರದು. ಬಿಸಿಲು ಬಿದ್ದ ಮೇಲೆ, ಹತ್ತು ಗಂಟೆಯ ನಂತರ ಹೊರಡಬೇಕು. ನನ್ನನ್ನು ಕೇಳಿದರೆ ದೀಪಾವಳಿ ಮುಗಿದ ನಂತರದ ಎರಡು ವಾರ, ಇಲ್ಲವೇ ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗಿನ ದಿನಗಳು ಒಳ್ಳೆಯವು. ಕಾರ್ತಿಕ ಹುಣ್ಣಿಮೆಯ ದೇವದೀಪಾವಳಿ ಚಂದ, ಆದರೆ ಆ ಜನಸಂದಣಿಯಲ್ಲಿ ಕೋಲು ಹಿಡಿದವರನ್ನು ಕರೆದುಕೊಂಡು ಹೋಗಬೇಡಿ. ಶಿವರಾತ್ರಿಯೂ ಹಾಗೆಯೇ.

ಟಿಕೆಟ್ ಮಾಡಿಸಿದ ದಿನದಿಂದಲೇ ತಯಾರಿ ಶುರು ಮಾಡಬೇಕು. ಕಾಶಿಯಲ್ಲಿ ಕಷ್ಟ ದೂರದ್ದಲ್ಲ, ಮೆಟ್ಟಿಲಿನದು. ಮೆಟ್ಟಿಲುಗಳು ಎತ್ತರ, ಒಂದರ ಹಾಗೆ ಇನ್ನೊಂದಿಲ್ಲ, ಹೆಚ್ಚಿನ ಕಡೆ ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಹತ್ತುವಾಗ ಉಸಿರು ಏರುತ್ತದೆ, ಇಳಿಯುವಾಗ ಮಂಡಿಗೆ ಪೆಟ್ಟು. ಆರು ವಾರ ಮುಂಚಿನಿಂದ ಅಪ್ಪ-ಅಮ್ಮನಿಗೆ ದಿನಾ ಇಪ್ಪತ್ತು ನಿಮಿಷ ಸಮತಟ್ಟಾದ ಕಡೆ ನಡಿಗೆ, ಒಂದು ಮಹಡಿ ಮೆಟ್ಟಿಲು ಕಂಬಿ ಹಿಡಿದು ಹತ್ತಿ ಇಳಿಯುವುದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ಹತ್ತು ಎಣಿಸುವುದು, ಇಷ್ಟು ಮಾಡಿಸಿ. ಫೋನಿನಲ್ಲಿ ದಿನಾ ಕೇಳಿ. ಊರಿನಲ್ಲಿರುವವರಿಗೆ ಮೊಮ್ಮಗ ವಿಡಿಯೊ ಕಾಲ್ ಮಾಡಿ "ಅಜ್ಜಿ, ಇವತ್ತು ಎಷ್ಟು ಮೆಟ್ಟಿಲು?" ಅಂತ ಕೇಳಿದರೆ ನಾವು ನೂರು ಸಲ ಹೇಳುವುದಕ್ಕಿಂತ ಹೆಚ್ಚು ಕೆಲಸ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷದ ಚಟುವಟಿಕೆ ಹೇಳುತ್ತದೆ. 65 ದಾಟಿದವರಿಗೆ ಅದರ ಜೊತೆ ವಾರಕ್ಕೆ ಮೂರು ದಿನ ಸಮತೋಲನದ ವ್ಯಾಯಾಮವನ್ನೂ ಹೇಳುತ್ತದೆ, ಬೀಳಬಾರದು ಅಂತ. ಎರಡು ಮೆಟ್ಟಿಲು ಹತ್ತಿದರೆ ಎದೆ ಬಿಗಿಯುವುದು, ದವಡೆ, ಎಡಗೈ ನೋಯುವುದು ಇದ್ದರೆ ಪ್ರವಾಸ ಆಮೇಲೆ, ವೈದ್ಯರ ಹತ್ತಿರ ಮೊದಲು.

ಈಗ ನಡಿಗೆಯ ವಿಷಯ. ಗಂಗೆ ಕಾಶಿಯಲ್ಲಿ ತಿರುಗಿ ಉತ್ತರಕ್ಕೆ ಹರಿಯುತ್ತಾಳೆ. ಊರೆಲ್ಲ ಪಶ್ಚಿಮ ದಡದಲ್ಲಿದೆ, ಎದುರು ದಡದಲ್ಲಿ ಬರೀ ಮರಳು. ಹಾಗಾಗಿ ಸೂರ್ಯ ನೇರವಾಗಿ ನದಿಯಾಚೆಯಿಂದ ಮೇಲೇಳುತ್ತಾನೆ. ದಕ್ಷಿಣದ ಅಸ್ಸಿಯಿಂದ ಉತ್ತರದ ಆದಿಕೇಶವದವರೆಗೆ 84 ಘಾಟುಗಳು, ಸುಮಾರು ಆರೂವರೆ ಕಿಲೋಮೀಟರ್. ಇಷ್ಟನ್ನೂ ಒಂದೇ ದಿನ ನಡೆಯುವ ಹಟ ಬೇಡ.

ಮೊದಲ ಬೆಳಿಗ್ಗೆ ಅಸ್ಸಿಯಿಂದ ಶುರು ಮಾಡಿ. ಅಲ್ಲಿಗೆ ರಸ್ತೆ ಘಾಟಿನ ಹತ್ತಿರದವರೆಗೂ ಬರುವುದರಿಂದ ಹಿರಿಯರಿಗೆ ಸುಲಭ. 2014ರಿಂದ ಅಲ್ಲಿ ಬೆಳಗಿನ ಜಾವ 'ಸುಬಹ್-ಎ-ಬನಾರಸ್' ನಡೆಯುತ್ತದೆ: ಆರತಿ, ಒಂದಿಷ್ಟು ಸಂಗೀತ, ಯೋಗ. ಅಲ್ಲಿಂದ ದಶಾಶ್ವಮೇಧದವರೆಗೆ ಎರಡೂವರೆ ಕಿಲೋಮೀಟರ್ ಚಿಲ್ಲರೆ. ಮಕ್ಕಳು, ನೀವು ನಡೆಯಿರಿ. ಅಜ್ಜ-ಅಜ್ಜಿ ಸ್ವಲ್ಪ ದೂರ ನಡೆದು ದೋಣಿ ಹತ್ತಲಿ, ಅವರ ಜೊತೆ ಒಬ್ಬರು ಇರಲಿ. ದೋಣಿ ನಿಮ್ಮ ಪಕ್ಕದಲ್ಲೇ ನಿಧಾನವಾಗಿ ಬರುತ್ತದೆ. ದಡದಿಂದ ಮೊಮ್ಮಕ್ಕಳು ಕೈ ಬೀಸುವುದು, ದೋಣಿಯಿಂದ ಅಜ್ಜಿ "ನಿಧಾನ, ಜಾರುತ್ತೆ" ಅಂತ ಕೂಗುವುದು. ಎರಡೂ ಪಾರ್ಟಿ ದಶಾಶ್ವಮೇಧದಲ್ಲಿ ಸೇರಬಹುದು. ಯಾರಿಗೂ "ನನ್ನಿಂದ ನಿಮಗೆಲ್ಲ ತಡ ಆಯ್ತು" ಅನ್ನುವ ಸಂಕೋಚ ಇರುವುದಿಲ್ಲ. ಹಿರಿಯರಿಗೆ ಆ ಸಂಕೋಚವೇ ದೊಡ್ಡ ಶತ್ರು. ನೋವಾಗುತ್ತಿದ್ದರೂ ಹೇಳದೆ ನಡೆದುಬಿಡುತ್ತಾರೆ.

ಈ ದಾರಿಯಲ್ಲಿ ನಮ್ಮವರಿಗೆ ನಿಲ್ಲಲು ಕಾರಣಗಳು ಬೇಕಾದಷ್ಟಿವೆ. ತುಳಸಿ ಘಾಟಿನ ಮೇಲೆ ಅಖಾಡಾ ಇದೆ, ಮೈಸೂರಿನ ಗರಡಿಮನೆ ನೋಡಿದವರಿಗೆ ಹೊಸದಲ್ಲ: ಅದೇ ಮಣ್ಣು, ಅದೇ ಗದೆ. ಹನುಮಾನ್ ಘಾಟಿನ ಸುತ್ತ ದಕ್ಷಿಣದವರ ಮನೆಗಳು, ಮಠಗಳು, ಇಡ್ಲಿ-ಸಾಂಬಾರ್ ಸಿಗುವ ಜಾಗಗಳು. ಅದರ ಪಕ್ಕದಲ್ಲೇ ಕರ್ನಾಟಕ ಘಾಟ್. ಹಳೆಯ ಮೈಸೂರು ಸಂಸ್ಥಾನ ಕಟ್ಟಿಸಿದ್ದು, ಈಗಲೂ ಕೆಲವರು ಮೈಸೂರು ಘಾಟ್ ಅನ್ನುತ್ತಾರೆ. ಹೊರನಾಡಿನಲ್ಲಿ ಹುಟ್ಟಿದ ಮಕ್ಕಳಿಗೆ ಇದನ್ನು ತೋರಿಸಿ. ಅದಾದ ತಕ್ಷಣ ಹರಿಶ್ಚಂದ್ರ ಘಾಟ್. ಅಲ್ಲಿ ಚಿತೆ ಉರಿಯುತ್ತಲೇ ಇರುತ್ತದೆ. ಮಕ್ಕಳಿಗೆ ಮುಂಚೆಯೇ ಹೇಳಿ ಕರೆದುಕೊಂಡು ಹೋಗಿ. ಫೋಟೊ ತೆಗೆಯಬೇಡಿ. ದಮ್ಮಿರುವವರು ಹೊಗೆ ತಪ್ಪಿಸಲು ಆ ಭಾಗವನ್ನು ದೋಣಿಯಲ್ಲೇ ದಾಟಲಿ. ಮುಂದೆ ಕೇದಾರ ಘಾಟ್ ದಾಟಿ ಚೌಕಿ ಘಾಟಿಗೆ ಬಂದರೆ ದೊಡ್ಡ ಅಶ್ವತ್ಥ ಮರ, ಬುಡದಲ್ಲಿ ನಾಗರ ಕಲ್ಲುಗಳು. ನಮ್ಮೂರ ಅಶ್ವತ್ಥಕಟ್ಟೆಯೇ ಇಲ್ಲಿಗೆ ಬಂದು ಕೂತಂತೆ ಕಾಣುತ್ತದೆ. ಅಲ್ಲಿ ಕೂತು ನೀರು ಕುಡಿಯಿರಿ.

ಮೆಟ್ಟಿಲೇ ಬೇಡ ಅನ್ನುವವರಿಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣ ಇದೆ. ಸಾವಿರದ ಮುನ್ನೂರು ಎಕರೆ, ಸಮತಟ್ಟು, ಎರಡೂ ಕಡೆ ಮರ. 1916ರಲ್ಲಿ ಸ್ಥಾಪನೆಯಾದಾಗ ಅದರ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ್. ಮಂಡಿ ನೋವಿನ ಅತ್ತೆಯೊಬ್ಬರು ಅಲ್ಲಿ ದಿನಾ ಒಂದು ಗಂಟೆ ನಡೆದು, ಇಡೀ ಕಾಶಿಯಲ್ಲಿ ತಮಗೆ ಇಷ್ಟವಾದದ್ದು ಆ ಮರಗಳ ನೆರಳು ಅಂದರು. ಇನ್ನು ಉತ್ತರದ ತುದಿಯಲ್ಲಿ ಹೊಸದಾಗಿ ಕಟ್ಟಿದ ನಮೋ ಘಾಟಿನಲ್ಲಿ ರ‍್ಯಾಂಪ್ ಇದೆ, ಗಾಲಿಕುರ್ಚಿ ಹೋಗುತ್ತದೆ. ಅಲ್ಲಿಂದ 1887ರ ಹಳೆಯ ರೈಲು ಸೇತುವೆ, ಈಗಿನ ಮಾಳವೀಯ ಸೇತುವೆ, ಹತ್ತಿರದಿಂದ ಕಾಣುತ್ತದೆ. ರೈಲು ನೋಡುವ ಹುಡುಗರಿಗೆ ಅಲ್ಲಿಂದ ಏಳಲು ಮನಸ್ಸೇ ಬರುವುದಿಲ್ಲ.

ನವೆಂಬರ್‌ನಿಂದ ಫೆಬ್ರವರಿವರೆಗೆ ನದಿಯ ತುಂಬ ಬಿಳಿ-ಬೂದು ಗಲ್ ಹಕ್ಕಿಗಳು. ಮಲ್ಪೆ, ಕಾರವಾರದ ಕಡಲಲ್ಲಿ ಚಳಿಗಾಲಕ್ಕೆ ಬರುತ್ತವಲ್ಲ, ಅದೇ ಜಾತಿ. ಅಲ್ಲಿಯವರು 'ಸೈಬೀರಿಯನ್ ಪಕ್ಷಿ' ಅನ್ನುತ್ತಾರೆ. ಇವುಗಳಲ್ಲಿ ಕಂದು ತಲೆಯ ಗಲ್ ಗೂಡು ಕಟ್ಟುವುದು ಲಡಾಖ್, ಟಿಬೆಟ್ ಮತ್ತು ಮಧ್ಯ ಏಷ್ಯಾದ ಸರೋವರಗಳ ಹತ್ತಿರ. ದೋಣಿಯವರು ಪೊಟ್ಟಣದಲ್ಲಿ ಸೇವ್ ಮಾರುತ್ತಾರೆ, ಎರಚಿದರೆ ನೂರಾರು ಹಕ್ಕಿ ತಲೆಯ ಮೇಲೆ ಬರುತ್ತವೆ, ವಿಡಿಯೊ ಚೆನ್ನಾಗಿ ಬರುತ್ತದೆ. ಕೊಡಬೇಡಿ. ಎಣ್ಣೆಯಲ್ಲಿ ಕರಿದ ಉಪ್ಪಿನ ಕಡಲೆಹಿಟ್ಟು ಮೀನು ತಿನ್ನುವ ಹಕ್ಕಿಯ ಆಹಾರವಲ್ಲ. ಅಲ್ಲದೆ ಹಕ್ಕಿಯ ಹಿಕ್ಕೆ ಕೈಗೆ, ಆ ಕೈ ಬಾಯಿಗೆ, ಮಕ್ಕಳ ಹೊಟ್ಟೆ ಕೆಡಲು ಇದೂ ಒಂದು ದಾರಿ. ಸುಮ್ಮನೆ ಕೂತರೂ ಅವು ಹತ್ತಿರ ಬರುತ್ತವೆ.

ನನ್ನ ಲೆಕ್ಕದಲ್ಲಿ ಮಕ್ಕಳಿಗೆ ಮರೆಯಲಾಗದ ದಿನ ಅಂದರೆ ಡಾಲ್ಫಿನ್ ದಿನ. ಊರಿನಿಂದ ಗಾಜಿಪುರದ ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಕೈಥಿ, ಮಾರ್ಕಂಡೇಯ ಮಹಾದೇವ ಇರುವ ಊರು. ಅಲ್ಲಿ ಗೋಮತಿ ಗಂಗೆಯನ್ನು ಸೇರುತ್ತದೆ. ಎರಡು ನೀರು ಕೂಡುವ ಕಡೆ ಆಳ ಇರುತ್ತದೆ, ಮೀನು ಇರುತ್ತದೆ, ಅದಕ್ಕೇ ಗಂಗಾ ಡಾಲ್ಫಿನ್‌ಗಳೂ ಇರುತ್ತವೆ. ಅಲ್ಲಿಯ ಜನ 'ಸೂಂಸ್' ಅನ್ನುತ್ತಾರೆ. ಉಸಿರು ಬಿಡುವಾಗ ಬರುವ ಸದ್ದೇ ಹಾಗಿದೆ. 2009ರಲ್ಲಿ ಇದನ್ನು ರಾಷ್ಟ್ರೀಯ ಜಲಚರ ಅಂತ ಘೋಷಿಸಿದರು. 2025ರಲ್ಲಿ ಬಂದ ಎಣಿಕೆಯ ಪ್ರಕಾರ ದೇಶದ ನದಿಗಳಲ್ಲಿ 6,327 ಡಾಲ್ಫಿನ್‌ಗಳಿವೆ, ಉತ್ತರ ಪ್ರದೇಶದಲ್ಲೇ 2,397. ಅದರ ಕಣ್ಣಿನಲ್ಲಿ ಮಸೂರವೇ ಇಲ್ಲ, ಹೆಚ್ಚುಕಡಿಮೆ ಕುರುಡು. ಸದ್ದು ಕಳಿಸಿ, ತಿರುಗಿ ಬಂದ ಪ್ರತಿಧ್ವನಿ ಕೇಳಿ ಮೀನು ಹಿಡಿಯುತ್ತದೆ. ಸಿನಿಮಾದ ಹಾಗೆ ಹಾರುವುದಿಲ್ಲ. ಒಂದೆರಡು ನಿಮಿಷಕ್ಕೊಮ್ಮೆ ಉಸಿರಿಗಾಗಿ ಮೇಲೆ ಬರುತ್ತದೆ, ಉದ್ದ ಮೂತಿ, ಬೂದು ಬೆನ್ನು, ಅಷ್ಟರಲ್ಲಿ ಮಾಯ. ಆದ್ದರಿಂದ ಬೆಳಿಗ್ಗೆ ಬೇಗ ಹೋಗಿ, ದಡದಲ್ಲಿ ಚಾಪೆ ಹಾಕಿ ಕೂರಿ, ಮಾತು ನಿಲ್ಲಿಸಿ. ದೋಣಿ ಮಾಡಿದರೆ ಎಂಜಿನ್ ಆಫ್ ಮಾಡಿಸಿ, ಅದರ ಪ್ರಪಂಚವೇ ಸದ್ದಿನದು.

ಇದರಲ್ಲಿ ಆರೋಗ್ಯ ಏನು ಬಂತು ಅನ್ನಬೇಡಿ. ಫ್ಲ್ಯಾಟಿನಲ್ಲಿ ಬೆಳೆಯುವ ನಮ್ಮ ಮಕ್ಕಳ ಕಣ್ಣು ದಿನವಿಡೀ ಒಂದಡಿ ದೂರದ ಪರದೆ ಮೇಲಿರುತ್ತದೆ. ಹಗಲು ಬೆಳಕಿನಲ್ಲಿ ಹೊರಗೆ ಕಳೆಯುವ ಸಮಯ ಹೆಚ್ಚಾದಷ್ಟೂ ದೂರದೃಷ್ಟಿ ಮಂದವಾಗಿ ಕನ್ನಡಕ ಬರುವುದು ಕಡಿಮೆ ಅಂತ ಸಾಬೀತಾಗಿದೆ. ತೈವಾನ್ 2010ರಿಂದ ಶಾಲೆಗಳಲ್ಲಿ ದಿನಕ್ಕೆ ಎರಡು ಗಂಟೆ ಹೊರಾಂಗಣ ಅನ್ನುವ ಕಾರ್ಯಕ್ರಮವನ್ನೇ ನಡೆಸುತ್ತಿದೆ. ಡಾಲ್ಫಿನ್ ಕಾಯುವ ಎರಡು ಗಂಟೆಯಲ್ಲಿ ಮಗು ಫೋನ್ ಕೇಳುವುದಿಲ್ಲ. ಕೇಳಿದರೆ ಅಷ್ಟರಲ್ಲಿ ಡಾಲ್ಫಿನ್ ಬಂದು ಹೋಗಿರುತ್ತದೆ!

ಇನ್ನೊಂದು ದಿನ ಇದ್ದರೆ ಸಾರನಾಥ. ಊರಿನಿಂದ ಹತ್ತು ಕಿಲೋಮೀಟರ್, ಸಮತಟ್ಟು, ಜಿಂಕೆವನ ಇದೆ, ಆಮೆ ಸಾಕುವ ಕೇಂದ್ರವೂ ಇದೆ. ಕಾರು ಮಾಡಿಕೊಂಡು ದೂರ ಹೋಗುವವರಿಗೆ ಚಂದೌಲಿ ಜಿಲ್ಲೆಯ ಚಂದ್ರಪ್ರಭಾ ಅಭಯಾರಣ್ಯ, ಸುಮಾರು 70 ಕಿಲೋಮೀಟರ್. ರಾಜದರಿ, ದೇವದರಿ ಜಲಪಾತಗಳಿವೆ. 1957ರಲ್ಲಿ ಗಿರ್‌ನಿಂದ ಸಿಂಹಗಳನ್ನು ತಂದು ಅಲ್ಲಿ ಬಿಟ್ಟಿದ್ದರು. ಕೆಲವು ವರ್ಷ ಹೆಚ್ಚಿದವು, ಆಮೇಲೆ ಒಂದೂ ಉಳಿಯಲಿಲ್ಲ. ಜಲಪಾತದ ಬಂಡೆಗಳ ಮೇಲೆ ಹಿರಿಯರು ಬೇಡ, ಮೇಲಿನಿಂದ ನೋಡಿದರೆ ಸಾಕು.

ಈಗ ಗಂಗಾಸ್ನಾನ. ಇದನ್ನು ಬೇಡ ಅನ್ನುವ ಅಧಿಕಾರ ನನಗಿಲ್ಲ, ನಿಮಗೂ ಇಲ್ಲ. ಎಪ್ಪತ್ತು ವರ್ಷ ಕಾದ ಅಮ್ಮನಿಗೆ "ನೀರು ಕೊಳಕು" ಅಂತ ಹೇಳಿದರೆ ಅವರ ಮನಸ್ಸು ನೋಯುತ್ತದೆ ಅಷ್ಟೇ. ಸಂಕಟಮೋಚನ ದೇವಸ್ಥಾನದ ಮಹಂತರಾಗಿದ್ದ ವೀರಭದ್ರ ಮಿಶ್ರ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಲ ಎಂಜಿನಿಯರಿಂಗ್ ಪ್ರಾಧ್ಯಾಪಕರೂ ಆಗಿದ್ದರು. 1982ರಲ್ಲಿ ಅವರು ಕಟ್ಟಿದ ಪ್ರತಿಷ್ಠಾನ ತುಳಸಿ ಘಾಟಿನಲ್ಲಿ ಪ್ರಯೋಗಾಲಯ ಇಟ್ಟುಕೊಂಡು ಗಂಗೆಯ ನೀರನ್ನು ಪರೀಕ್ಷಿಸುತ್ತಾ ಬಂತು. ಗಂಗೆಯನ್ನು ತಾಯಿ ಅಂತ ಪೂಜಿಸಿದವರೇ ಅದರಲ್ಲಿ ಮಲದ ಬ್ಯಾಕ್ಟೀರಿಯಾ ಎಷ್ಟಿದೆ ಅಂತ ಎಣಿಸಿದರು. ಎರಡರ ನಡುವೆ ಅವರಿಗೆ ಜಗಳ ಕಾಣಲಿಲ್ಲ. ನಮ್ಮ ದೇಶದ ಮಾನದಂಡದಲ್ಲಿ ಸ್ನಾನದ ನೀರಿನ 100 ಮಿಲಿಲೀಟರಿನಲ್ಲಿ ಈ ಬ್ಯಾಕ್ಟೀರಿಯಾ 500ರ ಒಳಗಿರಬೇಕು, ಹೆಚ್ಚೆಂದರೆ 2,500. ಊರ ಚರಂಡಿ ಸೇರುವ ಕಡೆಗಳಲ್ಲಿ ಅದನ್ನು ಮೀರುತ್ತದೆ.

ಹಾಗಾಗಿ ಸ್ನಾನ ಮಾಡುವವರು ದಡದ ಕೊಚ್ಚೆ ಬಿಟ್ಟು ದೋಣಿಯಲ್ಲಿ ಆಚೆ ಮರಳಿನ ಕಡೆ ಹೋಗಲಿ, ದೋಣಿಯವರು ತೋರಿಸಿದ ಕಡೆ ಮಾತ್ರ ಇಳಿಯಲಿ, ಲೈಫ್ ಜಾಕೆಟ್ ಹಾಕಿಕೊಂಡೇ ದೋಣಿ ಹತ್ತಲಿ. ಬಾಯಿ ಮುಚ್ಚಿ ಮುಳುಗಿ, ನೀರು ನುಂಗಬೇಡಿ. ಕಾಲಲ್ಲಿ ಗಾಯ ಇದ್ದವರು, ಕೆಲವೇ ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆದವರು, ಬಿ.ಪಿ. ಹತೋಟಿಗೆ ಬಾರದವರು ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ಚಳಿಗಾಲದ ತಣ್ಣೀರಿಗೆ ದಿಢೀರ್ ಮುಳುಗಿದರೆ ರಕ್ತನಾಳ ಬಿಗಿದು ಬಿ.ಪಿ. ಥಟ್ಟನೆ ಏರುತ್ತದೆ. ಮೊದಲು ಪಾದ, ಕೈ, ಆಮೇಲೆ ಭುಜ, ಹೀಗೆ ಒದ್ದೆ ಮಾಡಿಕೊಂಡು ಮೆಲ್ಲಗೆ ಇಳಿಯಬೇಕು. ಬಿಸಿಲು ಬಂದ ಮೇಲೆ ಮಾಡಿ. ಒಣ ಬಟ್ಟೆ, ಟೋಪಿ ದಡದಲ್ಲಿ ಹಿಡಿದುಕೊಂಡು ಒಬ್ಬರು ನಿಂತಿರಬೇಕು.

ಸಕ್ಕರೆ ಕಾಯಿಲೆಯವರ ಪಾದದ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ನಮ್ಮ ದೊಡ್ಡತ್ತೆ, ಆಗ ಅವರಿಗೆ 71, ಇಪ್ಪತ್ತು ವರ್ಷದ ಶುಗರ್. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಒಂದು ಸುತ್ತು ಹಾಕಿದರು. ಅವರಿಗೆ ಏನೂ ಅನಿಸಲಿಲ್ಲ. ಅನಿಸದೆ ಇರುವುದೇ ಅವರ ಕಾಯಿಲೆ. ರಾತ್ರಿ ಕಾಲು ತೊಳೆಸುವಾಗ ಮೊಮ್ಮಗಳು ನೋಡಿದಾಗ ಎರಡೂ ಅಂಗಾಲಿನಲ್ಲಿ ನಿಂಬೆಹಣ್ಣಿನ ಗಾತ್ರದ ಗುಳ್ಳೆ. ಊರಿಗೆ ಬಂದ ಮೇಲೆ ಎರಡು ತಿಂಗಳು ಡ್ರೆಸ್ಸಿಂಗ್, ಒಂದು ಬೆರಳು ಉಳಿಯುವುದೋ ಇಲ್ಲವೋ ಅನ್ನುವ ಆತಂಕ. ಬೆರಳು ಉಳಿಯಿತು. ಮೊಮ್ಮಗಳು ಆ ರಾತ್ರಿ ನೋಡದೆ ಇದ್ದಿದ್ದರೆ ಉಳಿಯುತ್ತಿರಲಿಲ್ಲ. ಚಪ್ಪಲಿ ಬಿಡಲೇಬೇಕಾದ ಕಡೆ ದಪ್ಪ ಕಾಲುಚೀಲ ಹಾಕಿಸಿ, ದರ್ಶನ ಬೆಳಿಗ್ಗೆ ಇಟ್ಟುಕೊಳ್ಳಿ, ಪ್ರತಿ ರಾತ್ರಿ ಪಾದದ ಅಡಿ, ಬೆರಳಿನ ಸಂದು ಟಾರ್ಚ್ ಹಾಕಿ ನೋಡಿ. ಈ ಕೆಲಸವನ್ನು ಮೊಮ್ಮಕ್ಕಳಿಗೇ ಕೊಡಿ.

ವಿಶ್ವನಾಥನ ದರ್ಶನಕ್ಕೆ 2021ರ ಡಿಸೆಂಬರ್‌ನಲ್ಲಿ ತೆರೆದ ಹೊಸ ಹಾದಿ ಗಂಗೆಯ ದಡದಿಂದಲೇ ಒಳಗೆ ಹೋಗುತ್ತದೆ, ಹಳೆಯ ಗಲ್ಲಿಗಿಂತ ಹಿರಿಯರಿಗೆ ಅನುಕೂಲ. ಆದರೆ ಒಳಗೆ ಫೋನ್ ಬಿಡುವುದಿಲ್ಲ. ಕೈ ತಪ್ಪಿದರೆ, ಹಿಂದಿ ಬಾರದ ಅಮ್ಮ ಆ ಜನರಲ್ಲಿ ಏನು ಮಾಡಬೇಕು? ಒಂದು ಚೀಟಿಯಲ್ಲಿ ಹೆಸರು, ತಂಗಿದ ಜಾಗ, ನಿಮ್ಮ ನಂಬರ್, ಕಾಯಿಲೆ, ಮಾತ್ರೆ ಇಷ್ಟನ್ನೂ ಹಿಂದಿಯಲ್ಲಿ ಬರೆಸಿ ಸೀರೆಯ ಸೆರಗಿಗೋ ಜೇಬಿಗೋ ಪಿನ್ ಮಾಡಿ. "ಕೈ ತಪ್ಪಿದರೆ ಈ ಕಂಬದ ಹತ್ತಿರ" ಅಂತ ಮುಂಚೆಯೇ ಒಂದು ಜಾಗ ತೋರಿಸಿ. ಗೋದೌಲಿಯಾ ಹತ್ತಿರದ ಜಂಗಮವಾಡಿ ಮಠದಲ್ಲಿ ಕನ್ನಡ ಬಲ್ಲವರು ಸಿಗುತ್ತಾರೆ ಅನ್ನುವುದೂ ಗೊತ್ತಿರಲಿ.

ಊಟದ ಬಗ್ಗೆ ಚುಟುಕಾಗಿ: ಬಿಸಿಯಾಗಿ ಎದುರಿಗೇ ಮಾಡಿದ್ದು ತಿನ್ನಿ, ಕತ್ತರಿಸಿಟ್ಟ ಹಣ್ಣು ಬೇಡ, ಮುಚ್ಚಿದ ಬಾಟಲಿ ನೀರು. ಕಚೋರಿ ಒಂದು ದಿನ ಸಾಕು, ಲಿಟ್ಟಿ-ಚೋಖಾ ಹೊಟ್ಟೆಗೆ ಹಿತ. ತಂಡಾಯಿ ಕುಡಿಯುವ ಮುಂಚೆ "ಭಾಂಗ್ ಇಲ್ಲ ತಾನೆ" ಅಂತ ಎರಡು ಸಲ ಕೇಳಿ. ಅಲ್ಲಿ ಭಾಂಗ್ ಲೈಸೆನ್ಸ್ ಅಂಗಡಿಯಲ್ಲೇ ಸಿಗುತ್ತದೆ. ಬಿ.ಪಿ. ಮಾತ್ರೆ ತಿನ್ನುವ ಅಪ್ಪ ಅದನ್ನು ಕುಡಿದರೆ ತಲೆ ಸುತ್ತಿ ಮೆಟ್ಟಿಲ ಮೇಲೆ ಬೀಳುತ್ತಾರೆ. ಕಾಶಿಯಲ್ಲಿ ಒಂದು ಹಣ್ಣು, ಒಂದು ತರಕಾರಿ ಬಿಟ್ಟು ಬರುವ ಪದ್ಧತಿ ನಮ್ಮಲ್ಲಿದೆ. ಬಹಳ ಜನ ತಮಗೆ ಇಷ್ಟವಿಲ್ಲದ ಹಾಗಲಕಾಯಿ ಬಿಟ್ಟು ಬರುತ್ತಾರೆ! ಎಲೆ-ಅಡಿಕೆ ಜೊತೆಗಿನ ಹೊಗೆಸೊಪ್ಪು ಬಿಟ್ಟು ಬನ್ನಿ ಅಂತ ನಮ್ಮ ಮಾವನವರಿಗೆ ಹೇಳಿ ನೋಡಿದೆ. ಬಿಟ್ಟರು.

ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ ಕಲಸಿ, ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ವಾಂತಿ-ಭೇದಿ ಜೋರಾಗಿದ್ದಾಗ ಶುಗರ್‌ನ ಮೆಟ್‌ಫಾರ್ಮಿನ್, ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ಮುಂದುವರಿಸಬೇಕೋ ಬೇಡವೋ ಅಂತ ನಿಮ್ಮ ವೈದ್ಯರಿಗೆ ಫೋನ್ ಮಾಡಿ ಕೇಳಿ. ಈ ಪ್ರಶ್ನೆಯನ್ನು ಹೊರಡುವ ಮುಂಚೆಯೇ ಕೇಳಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಘಾಟುಗಳಲ್ಲಿ ನಾಯಿ, ಮಂಗ ಎರಡೂ ಹೇರಳ. ಕೈಯಲ್ಲಿ ತಿಂಡಿ ಹಿಡಿದು ನಡೆಯಬೇಡಿ, ಮರಿಗಳನ್ನು ಮುಟ್ಟಬೇಡಿ ಅಂತ ಮಕ್ಕಳಿಗೆ ಹೇಳಿ. ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ, ಸುಣ್ಣ ಏನೂ ಹಚ್ಚಬೇಡಿ. ಅದೇ ದಿನ ರೇಬಿಸ್ ಲಸಿಕೆ ಹಾಕಿಸಿ. ರಕ್ತ ಬಂದ ಗಾಯಕ್ಕೆ ಅದರ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ನಂತರ 3, 7, 28ನೇ ದಿನ. ಸ್ನಾಯುವಿಗಾದರೆ 14ನೇ ದಿನವೂ ಸೇರುತ್ತದೆ. ಊರಿಗೆ ವಾಪಸ್ ಬಂದ ಮೇಲೆ ಉಳಿದ ಡೋಸ್ ಬಿಡುವವರು ಬಹಳ. ಅದು ಜೀವಕ್ಕೆ ಕುತ್ತು. ಚೀಟಿ ಜೋಪಾನವಾಗಿಟ್ಟು, ನೀವಿರುವ ಊರಿನ ಆಸ್ಪತ್ರೆಯಲ್ಲಿ ಮುಂದುವರಿಸಿ.

ಆಂಬುಲೆನ್ಸ್‌ಗೆ 108, ಬೇರೆ ತುರ್ತಿಗೆ 112. ಅಸ್ಸಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಲಂಕಾ ಪ್ರದೇಶದಲ್ಲಿರುವ ವಿಶ್ವವಿದ್ಯಾಲಯದ ಸರ್ ಸುಂದರ್‌ಲಾಲ್ ಆಸ್ಪತ್ರೆ. ದಿನನಿತ್ಯದ ಮಾತ್ರೆ ಎರಡು ಸೆಟ್ ಇರಲಿ, ಒಂದು ಕೈಚೀಲದಲ್ಲಿ, ಒಂದು ಸೂಟ್‌ಕೇಸಿನಲ್ಲಿ. ಇನ್ಸುಲಿನ್ ಪೆಟ್ಟಿಗೆ ವಿಮಾನದಲ್ಲಿ ಲಗೇಜಿಗೆ ಹಾಕದೆ ಕೈಯಲ್ಲೇ ಇರಲಿ. ಫ್ಲೂ ಲಸಿಕೆ ಹಾಕಿಸುವುದಿದ್ದರೆ ಹೊರಡುವ ಎರಡು ವಾರ ಮುಂಚೆ ಹಾಕಿಸಿ. ಹೊರದೇಶದಿಂದ ಬರುವ ಮಕ್ಕಳಿಗೆ ಟೈಫಾಯ್ಡ್ ಲಸಿಕೆ ಆಗಿದೆಯೇ ನೋಡಿಕೊಳ್ಳಿ.